ಹಿಮಕ್ಕೆ ಹೋಗೋ ಗಾಡಿ, ಹಿಂದಿನ ಗಾಜಿನ ಮೇಲೆ ಜೈ ಭೀಮ್



ಜನವರಿಯಲ್ಲಿ ಮನಾಲಿ ದಾಟಿ ಸಿಸ್ಸುಗೆ ಹೋಗಿ ಬಂದ ಫೋಟೊ ನೋಡಿ ನಾಲ್ಕೈದು ಜನ ಫೋನ್ ಮಾಡಿ, "ಹಿಮದಲ್ಲಿ ಕಾರು ಹೆಂಗೆ ಓಡಿಸಿದ್ರಿ?" ಅಂತ ಕೇಳಿದರು. ಇಬ್ಬರು "ಚಳವಳಿಯೋರಿಗೆ ಹಿಮ ಯಾಕಪ್ಪ?" ಅಂದರು. ಗುಮಾಸ್ತನಿಗೂ ಗಳಿಕೆ ರಜೆ ಇದೆ, ಎರಡನೇ ಪ್ರಶ್ನೆಗೆ ಅಷ್ಟೇ ಉತ್ತರ. ಮೊದಲನೇದಕ್ಕೆ ಸ್ವಲ್ಪ ಬರೀಬೇಕು.

ನಮ್ಮ ಮಾಮೂಲಿ ಟೈರಿನ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗೆ ಬಿಗಿಯಾಗುತ್ತೆ, ಹಿಡಿತ ಕಮ್ಮಿಯಾಗುತ್ತೆ. ಚಳಿಗಾಲದ ಟೈರ್ ಅಂತ ಬೇರೆಯೇ ಇದೆ. ಮೆದು ರಬ್ಬರ್, ಮೈಮೇಲೆಲ್ಲ ಸಣ್ಣ ಸಣ್ಣ ಸೀಳು, ಪಕ್ಕದಲ್ಲಿ ಮೂರು ಶಿಖರದ ಬೆಟ್ಟದೊಳಗೆ ಹಿಮದ ಗುರುತು. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ರಸ್ತೆ ಹಿಮ ಹಿಡಿದಿದ್ದರೆ ಇಂಥ ಟೈರ್ ಇರಬೇಕು ಅಂತ ಕಾನೂನೇ ಇದೆ. ನಮ್ಮಲ್ಲಿ ಅದು ಅಂಗಡೀಲಿ ಸಿಗೋದೇ ಅಪರೂಪ. ಮನಾಲಿ ಕಡೆ ಎಲ್ಲಾ ಚೈನ್ ಮೇಲೇ ನಡೆಯುತ್ತೆ. ಹಿಮ ಬಿದ್ದ ದಿನ ಫೋರ್ ಬೈ ಫೋರ್ ಅಥವಾ ಚೈನ್ ಹಾಕಿದ ಗಾಡಿಯನ್ನ ಮಾತ್ರ ಪೊಲೀಸರು ಮೇಲಕ್ಕೆ ಬಿಡ್ತಾರೆ.

ರಬ್ಬರ್ ಚಳಿಗೆ ಬಿಗಿಯಾಗೋದು ನನಗೆ ಹೊಸದಲ್ಲ. ಅಪ್ಪ ಹಳೇ ಲಾರಿ ಟೈರ್ ಕೊಯ್ದು ಎಕ್ಕಡ ಮಾಡ್ತಿದ್ದರು. ಮಾಗಿ ಚಳೀಲಿ ಬೆಳಗ್ಗೆ ಟೈರು ರಂಪಿಗೆಗೆ ಬಗ್ಗಲ್ಲ ಅಂತ ಅಂಗಳದಲ್ಲಿ ಹಾಕಿ ಬಿಸಿಲು ಏರೋವರೆಗೂ ಕಾಯ್ತಿದ್ದರು. ಈಗಿನ ಕಾರಿನ ಟೈರೊಳಗೆ ಉಕ್ಕಿನ ತಂತಿ, ಅದನ್ನ ಕೊಯ್ಯೋಕಾಗಲ್ಲ. ನೈಲಾನ್ ಪದರದ್ದೇ ಬೇಕು. ಟೈರು ನಮ್ಮನೆಗೆ ಮೊದಲು ಬಂದದ್ದು ಕಾಲಿಗೆ.

ಗಾಡಿ ಚಂಡೀಗಢದಲ್ಲಿ ಕೆಲಸ ಮಾಡೋ ಕಲಬುರ್ಗಿಯ ಗೆಳೆಯರದ್ದು. ಹೊರಡೋ ಮೊದಲು ರೇಡಿಯೇಟರಿಗೆ ಬರೀ ನೀರಿದೆಯಾ ಅಂತ ನೋಡಿಸಿದ್ವಿ. ನೀರು ಹೆಪ್ಪುಗಟ್ಟಿದರೆ ಎಂಜಿನ್ನೇ ಸೀಳುತ್ತೆ, ಅದಕ್ಕೆ ಕೂಲಂಟ್ ಬೇಕೇ ಬೇಕು. ಬ್ಯಾಟರಿ ಹಳೇದಾದರೆ ಬದಲಾಯಿಸಿಬಿಡಿ. ರಾತ್ರಿ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಹಿಡ್ಕೊಂಡುಬಿಡುತ್ತೆ. ಫಸ್ಟ್ ಗೇರಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ಚೈನು ಎಂಜಿನ್ ತಿರುಗಿಸೋ ಚಕ್ರಕ್ಕೆ, ಸಣ್ಣ ಕಾರುಗಳಲ್ಲಿ ಬಹುಪಾಲು ಮುಂದಿನ ಎರಡಕ್ಕೆ. ಹಾಕಿದ ಮೇಲೆ ನಿಧಾನ ಓಡಿಸಿ, ಒಣ ರಸ್ತೆ ಬಂದ ತಕ್ಷಣ ಬಿಚ್ಚಿ.

ಇನ್ನೊಂದು ತಯಾರಿ ಯಾವ ಮೆಕ್ಯಾನಿಕ್ಕೂ ಹೇಳಲ್ಲ. ಹಿಂದಿನ ಗಾಜಿನ ಮೇಲೆ ನೀಲಿ ಬಣ್ಣದಲ್ಲಿ ಜೈ ಭೀಮ್ ಅಂತ ಇತ್ತು. ಆ ಕಡೆಯವರೇ ಒಬ್ಬರು, ನಮ್ಮೋರೇ, "ರೂಮ್ ಸಿಗೋದು ಕಷ್ಟ ಆಗ್ಬಹುದು, ತೆಗೀರಿ" ಅಂದರು. ಗೆಳೆಯರು, "ಅಣ್ಣಾರ, ಅದನ್ನ ತೆಗಿಬೇಕಂದ್ರ ನಾ ಗಾಡಿನೇ ಒಯ್ಯಂಗಿಲ್ಲರಿ" ಅಂದ್ರು. ಉಳೀತು.

ರೂಮ್ ಸಿಕ್ತು. ಆ ಕಡೆ ಮನೆಗಳಲ್ಲಿ ತಂದೂರ್ ಅಂತ ಹೊಗೆಕೊಳವೆ ಇರೋ ತಗಡಿನ ಕಟ್ಟಿಗೆ ಒಲೆ ಇರುತ್ತೆ. ಇಡೀ ಮನೆಗೆ ಬೆಚ್ಚಗಿರೋ ಜಾಗ ಅದೊಂದೇ. ನಾವಿದ್ದ ಹೋಂಸ್ಟೇನಲ್ಲಿ ಬೇರೆ ಅತಿಥಿಗಳು ಅದರ ಸುತ್ತ ಕೂತು ಉಂಡರು. ಯಜಮಾನರು ನಮ್ಮ ಗಾಡಿ ಹಿಂದೆ ಹೋಗಿ ನೋಡಿ ಬಂದು, ಅಡ್ಡಹೆಸರು ಕೇಳಿ, "ನಿಮ್ಮ ಊಟ ರೂಮಿಗೇ ಕಳಿಸ್ತೀವಿ" ಅಂದರು. ಬೈದಿಲ್ಲ, ತಡೆದಿಲ್ಲ. ಹೊರಗೆ ಸೊನ್ನೆಗಿಂತ ಕೆಳಗೆ, ಒಳಗೆ ನಾವಿಬ್ಬರು ಎರಡೆರಡು ಕಂಬಳಿ ಹೊದ್ದು ರೊಟ್ಟಿ ಮುರಿದ್ವಿ. ಎಫ್‌ಐಆರಲ್ಲಿ ಏನಂತ ಬರೆಸೋದು ಹೇಳಿ? ಸಂವಿಧಾನದ 15(2) ಹೋಟೆಲಿನ ಬಾಗಿಲು ತೆರೆಸಿದೆ. ಒಲೆ ಮುಂದೆ ಜಾಗ ಬಿಡಿಸೋ ಕೆಲಸ ಇನ್ನೂ ನಮ್ಮದೇ. 2011ರ ಜನಗಣತಿ ಪ್ರಕಾರ ಹಿಮಾಚಲದಲ್ಲಿ ನಾಲ್ಕರಲ್ಲಿ ಒಬ್ಬರು ಪರಿಶಿಷ್ಟ ಜಾತಿಯವರು. ಅವರಿಗೆ ಇದು ಒಂದು ರಾತ್ರಿಯ ಕಥೆಯಲ್ಲ.

ಮಾರನೇ ದಿನ ಅಟಲ್ ಸುರಂಗದ ಆಚೆ ಹೋದ್ವಿ. 9 ಕಿಲೋಮೀಟರ್ ಉದ್ದ, 2020ರ ಅಕ್ಟೋಬರಲ್ಲಿ ಶುರುವಾಯ್ತು. ಅದಕ್ಕೆ ಮೊದಲು ರೋಹ್ತಾಂಗ್ ಮುಚ್ಚಿದರೆ ಲಾಹೌಲಿನ ಜನಕ್ಕೆ ತಿಂಗಳುಗಟ್ಟಲೆ ರಸ್ತೆಯೇ ಇರ್ತಿರಲಿಲ್ಲ. ರಸ್ತೆ ಬದೀಲಿ ಸಲಿಕೆ ಹಿಡಿದು ಹಿಮ ಎಳೀತಿದ್ದವರನ್ನ ಮಾತಾಡಿಸಿದೆ. ಜಾರ್ಖಂಡದ ದುಮ್ಕಾದವರು, ಆದಿವಾಸಿಗಳು. ಗಡಿ ರಸ್ತೆಗಳಿಗೆ ದುಮ್ಕಾದಿಂದ ಜನ ಬರೋದು ದಶಕಗಳಿಂದ ಇದೆ. 2020ರ ಜೂನಲ್ಲಿ ಲಡಾಖಿನ ರಸ್ತೆ ಕೆಲಸಕ್ಕೆ ಅಲ್ಲಿಂದ ವಿಶೇಷ ರೈಲೇ ಹೊರಟಿತ್ತು. ನಮ್ಮ ಕಾಲಲ್ಲಿ ಬಾಡಿಗೆ ಬೂಟು, ಅವರಲ್ಲಿ ಒಬ್ಬನ ಕಾಲಲ್ಲಿ ಕ್ಯಾನ್ವಾಸ್ ಶೂ, ಒಳಗೆ ಪ್ಲಾಸ್ಟಿಕ್ ಕವರ್. ಡಬ್ಬದಲ್ಲಿ ಬೆಂಕಿ ಹಾಕಿದ್ದರು. "ಬೈಠಿಯೇ" ಅಂತ ಜಾಗ ಬಿಟ್ಟರು. ಆ ಪ್ರವಾಸದಲ್ಲಿ ನಾವು ಕೂತು ಮೈ ಕಾಯಿಸಿಕೊಂಡ ಬೆಂಕಿ ಅದೊಂದೇ. ಹೆಸರಿನ ಮುಂದಿನದ್ದು ಯಾರೂ ಕೇಳಲಿಲ್ಲ, ಚಾ ಮಾತ್ರ ಕೊಟ್ಟರು.

ಮುಂದಿನ ಜನವರಿಗೆ ಹೋಗೋರಿದ್ದರೆ ಮೆಸೇಜ್ ಮಾಡಿ. ಚೈನ್ ಚಂಡೀಗಢದಲ್ಲೇ ಇದೆ, ಕೊಡ್ತಾರೆ. ನಿಮ್ಮ ಟೈರಿನ ಪಕ್ಕದಲ್ಲಿ ಬರೆದಿರೋ ಸೈಜ್ ಕಳಿಸಿ. ಒಂದೆರಡು ಜೊತೆ ಒಳ್ಳೇ ಬೂಟು, ಉಣ್ಣೆ ಕಾಲುಚೀಲಾನೂ ಗಾಡೀಲಿ ಇಟ್ಕೊಂಡು ಹೋಗಿ, ಯಾರಿಗೆ ಅಂತ ಹೇಳಬೇಕಿಲ್ಲ.