ಸೀರೆಯುಟ್ಟು ಬೈಕೇರಿ ದುರ್ಗಕ್ಕೆ

ಸೋದರಿಯರೇ, ತುಮಕೂರಿನ ಅಂಚಿನ ಸತ್ಯಮಂಗಲದಿಂದ ದೇವರಾಯನದುರ್ಗಕ್ಕೆ ಬೈಕಿನಲ್ಲಿ ಹೋಗುವುದೇ ಒಂದು ಸೊಗಸು. ಆದರೆ ಹತ್ತುವ ಮುನ್ನ ಹಿಂಚಕ್ರದ ಕಡೆ ಒಮ್ಮೆ ನೋಡಿ. ಸೀರೆ ಗಾರ್ಡ್ ಇದೆಯೇ?

ಈಗಿನ ಹುಡುಗರು ಬೈಕನ್ನು ಮದುವಣಗಿತ್ತಿಯಂತೆ ಸಿಂಗರಿಸ್ತಾರೆ. ಟ್ಯಾಂಕಿಗೆ ಹೊಸ ಬಣ್ಣ, ಸ್ಟಿಕ್ಕರು, ಬಗೆಬಗೆಯ ದೀಪ! ಸೀರೆ ಗಾರ್ಡ್ ಮಾತ್ರ 'ಸ್ಟೈಲ್ ಅಲ್ಲ' ಅಂತ ಬಿಚ್ಚಿಸ್ತಾರೆ. ನಮ್ಮ ಮನೆಯ ಹುಡುಗನೂ ಹಾಗೇ ಮಾಡಿದ್ದ. ದಾರಿಯಲ್ಲಿ, ನಾಮದ ಚಿಲುಮೆಗೆ ಮೊದಲೇ, ನನ್ನ ಸೆರಗು ಚಕ್ರಕ್ಕೆ ಸಿಕ್ಕಿತು. ನಿಧಾನವಾಗಿ ಹೋಗುತ್ತಿದ್ದೆವು, ಸೀರೆ ಹರಿಯಿತು, ಜೀವ ಉಳಿಯಿತು.

ಕಾನೂನೂ ನಮ್ಮ ಕಡೆಗಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದನ್ನು ನೋಡಿ: ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಆಸರೆ, ಬಟ್ಟೆ ಸಿಕ್ಕದಂತೆ ಹಿಂಚಕ್ರದ ಅರ್ಧಕ್ಕಾದರೂ ಮರೆ ಇರಲೇಬೇಕು. ಬಣ್ಣವೂ ಆರ್‌ಸಿಯಲ್ಲಿ ದಾಖಲಾಗಿರುತ್ತದೆ. ಬದಲಿಸಿದರೆ ಆರ್‌ಟಿಓ ಕಚೇರಿಗೆ ತಿಳಿಸಬೇಕು.

ಗಾರ್ಡನ್ನು ಮತ್ತೆ ಹಾಕಿಸಿ, ಅದಕ್ಕೂ ಟ್ಯಾಂಕಿನ ಬಣ್ಣವನ್ನೇ ಬಳಿಸು ಎಂದೆ. ಈಗ ನೋಡ್ರೀ, ಅದೇ ಬೈಕಿಗೊಂದು ಒಡವೆ! ಮುಂದಿನ ಸಲ ಭೋಗ ನರಸಿಂಹ, ಯೋಗ ನರಸಿಂಹ ಇಬ್ಬರ ದರ್ಶನವೂ ನಿಶ್ಚಿಂತೆಯಿಂದ ಆಯಿತು. ನೀವೂ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೆಲ್ಮೆಟ್ ಹಾಕಿಕೊಂಡು ಹೊರಡಿ.