ಕಾರಿನ ಬಾಗಿಲಿಗೆ ಕೈ ಹಾಕಿದಾಗ

ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ನಾವು ಯಾರನ್ನೂ ಕರೆಯುವುದಿಲ್ಲ. ಮಿಕ್ಸಿ ಜಾರಿನ ಕೆಳಗಿನ ರಬ್ಬರು ಸವೆದರೆ ಪೇಟೆಯಿಂದ ತಂದು ನಾವೇ ಕೂಡಿಸುತ್ತೇವೆ. ಹೊಲಿಗೆ ಯಂತ್ರದ ಬಾಬಿನ್ ಕೇಸಿನಲ್ಲಿ ಸಿಕ್ಕಿಕೊಂಡ ನೂಲನ್ನು ಬಿಡಿಸುವ ತಾಳ್ಮೆ ಗಂಡಸರಿಗೆ ಎಲ್ಲಿಂದ ಬರಬೇಕು, ನೀವೇ ಹೇಳಿ! ಆದರೆ ಕಾರು ಎಂದ ಕೂಡಲೇ ಮಾತ್ರ 'ಅದು ನಮಗ ತಿಳಿಯೂದಲ್ಲ ಬಿಡ್ರಿ' ಅಂದುಬಿಡುತ್ತೇವೆ. ಇಂಜಿನ್ನಿನ ಮಾತು ಬೇರೆ, ಅದನ್ನು ಬಲ್ಲವರಿಗೇ ಬಿಡೋಣ. ನಾನು ಹೇಳಹೊರಟಿರುವುದು ಬರೀ ಒಂದು ಬಾಗಿಲ ಬೀಗದ ವಿಷಯ.

ನಮ್ಮದು ಕೊಪ್ಪಳ. ಮೂರು ವರ್ಷದ ಹಿಂದೆ ಕುಷ್ಟಗಿಯ ಮೇಷ್ಟರೊಬ್ಬರಿಂದ ಹಳೆಯ ಸಣ್ಣ ಕಾರೊಂದನ್ನು ಕೊಂಡೆವು. ಅವರು ಅದಕ್ಕೆ ಹೊರಗಡೆ ಸೆಂಟ್ರಲ್ ಲಾಕ್ ಹಾಕಿಸಿದ್ದರು. ಚಾಲಕರ ಬಾಗಿಲಿನ ಗುಂಡಿ ಒತ್ತಿದರೆ ನಾಲ್ಕಕ್ಕೂ ಬೀಗ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಈ ವೈಭವ ಇರಲಿಲ್ಲ. ಒಂದೊಂದು ಗುಂಡಿಯನ್ನೂ ಕೈಯಿಂದಲೇ ಒತ್ತಬೇಕಿತ್ತು. ಕೆಡುವುದಕ್ಕೂ ಏನೂ ಇರಲಿಲ್ಲವೆನ್ನಿ! ಈಗ ಬಾಗಿಲ ಹೊಟ್ಟೆಯೊಳಗೆ ಅಂಗೈಯಗಲದ ಒಂದು ಪೆಟ್ಟಿಗೆ ಇರುತ್ತದೆ. ಅದರಲ್ಲಿ 12 ವೋಲ್ಟಿನ ಪುಟ್ಟ ಮೋಟಾರು, ಪ್ಲಾಸ್ಟಿಕ್ಕಿನ ಹಲ್ಲುಚಕ್ರ, ಒಂದು ಕಡ್ಡಿ. ಕರೆಂಟು ಒಂದು ಕಡೆಯಿಂದ ಹರಿದರೆ ಕಡ್ಡಿ ಮೇಲೇಳುತ್ತದೆ, ತಿರುಗಿ ಹರಿದರೆ ಕೆಳಗಿಳಿಯುತ್ತದೆ. ಇದಕ್ಕೆ ಅಂಗಡಿಯವರು ಆಕ್ಚುಯೇಟರ್ ಅನ್ನುತ್ತಾರೆ. ಹೆಸರು ದೊಡ್ಡದು, ವಸ್ತು ಸಣ್ಣದು.

ಕೆಟ್ಟದ್ದು ಹಿಂದಿನ ಎಡಬಾಗಿಲಿನದು. ಬೀಗ ಬೀಳುತ್ತಿತ್ತು, ಏಳುತ್ತಿರಲಿಲ್ಲ. ಮೂರು ಬಾಗಿಲು 'ಟಕ್' ಅಂದರೆ ಅದೊಂದು 'ಜುರ್' ಅಂದು ಸುಮ್ಮನಾಗುತ್ತಿತ್ತು. ಅಲ್ಲಿ ಕೂರುವವರು ನಮ್ಮ ಅತ್ತೆ. ಮಂಡಿ ನೋವಿನವರು, ಬಲಗಡೆಗೆ ಸರಿದು ಇಳಿಯಲಾರರು. ಬೆರಳುಗಳೂ ಸೊಟ್ಟಗಾಗಿವೆ, ಒಳಗಿನ ಗುಂಡಿ ಎತ್ತಲು ಬರುವುದಿಲ್ಲ. ಹುಣ್ಣಿಮೆಗೆಂದು ಹುಲಿಗೆಮ್ಮನ ದರ್ಶನಕ್ಕೆ ಹೋದಾಗ ನಾವೆಲ್ಲ ಇಳಿದರೂ ಅವರು ಒಳಗೇ ಉಳಿದರು. ನಾನು ಮುಂದಿನ ಸೀಟಿನ ಮೇಲಿಂದ ಬಾಗಿ ಗುಂಡಿ ಎತ್ತುವಷ್ಟರಲ್ಲಿ ಅವರ ಮುಖವೆಲ್ಲ ಬೆವರು. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಬಿಸಿಲಲ್ಲಿ ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು 11 ಡಿಗ್ರಿ ಶಾಖ ಏರುತ್ತದೆ. ವಯಸ್ಸಾದವರಿಗೂ ಮಕ್ಕಳಿಗೂ ಇದು ಪ್ರಾಣಕ್ಕೇ ಬರುವ ಸಂಗತಿ.

ಅಂದಿನಿಂದ ಅತ್ತೆ ಕಾರು ಹತ್ತಲಿಲ್ಲ. 'ನಾ ಒಲ್ಲೆವಾ, ಪಂಜರದಾಗ ಕುಂತಂಗ ಆಗತೈತಿ' ಅಂದರು. ಯಲಬುರ್ಗಾದಲ್ಲಿ ಅವರ ತಂಗಿಯಿದ್ದಾರೆ. ಇಬ್ಬರೂ ಎಂಬತ್ತರ ಅಂಚಿನವರು. ತಿಂಗಳಿಗೊಮ್ಮೆ ಭೇಟಿಯಾಗಿ ತಾಸುಗಟ್ಟಲೆ ಮಾತಾಡಿ ಎಲೆಯಡಿಕೆ ಹಾಕಿಕೊಂಡು ಬರುವುದೊಂದೇ ಅವರಿಗಿದ್ದ ಹಿಗ್ಗು. ಅದೂ ನಿಂತುಹೋಯಿತು. ಬೀಗವನ್ನೇ ಹಾಕದಿದ್ದರಾಯಿತಲ್ಲ ಅನ್ನುತ್ತೀರೇನೋ. ಪಕ್ಕದಲ್ಲಿ ಮೂರು ವರ್ಷದ ಮೊಮ್ಮಗ ಕುಣಿಯುತ್ತಿರುವಾಗ ಅದು ಆಗುವ ಮಾತೇ?

ಒಂದು ಗ್ಯಾರೇಜಿನಲ್ಲಿ ಕೇಳಿದರೆ, ನಾಲ್ಕೂ ಬಾಗಿಲಿನ ಸೆಟ್ಟೇ ಬದಲಾಗಬೇಕು, ಎರಡು ದಿನ ಗಾಡಿ ಬಿಟ್ಟುಹೋಗಿ ಅಂದರು. ನನಗದು ಸರಿ ಕಾಣಲಿಲ್ಲ. ನಾಲ್ಕೂ ಸುಮ್ಮನಿದ್ದರೆ ಫ್ಯೂಸು ಹೋಗಿರಬಹುದು. ಒಂದೇ ಬಾಗಿಲು ಹಟ ಹಿಡಿದರೆ ದೋಷ ಆ ಬಾಗಿಲಿನಲ್ಲೇ. ಸದ್ದೇ ಇಲ್ಲದಿದ್ದರೆ ಬಾಗಿಲ ಕೀಲಿನ ಹತ್ತಿರದ ರಬ್ಬರು ಕೊಳವೆಯಲ್ಲಿ ತಂತಿ ತುಂಡಾಗಿರಲೂಬಹುದು. ಸದ್ದಿದ್ದು ಕಡ್ಡಿ ಏಳದಿದ್ದರೆ ಹಲ್ಲುಚಕ್ರ ಸವೆದಿದೆ ಎಂದೇ ಬಹುಮಟ್ಟಿಗೆ ಅರ್ಥ. ತವರಿಗೆಂದು ಗಂಗಾವತಿಗೆ ಹೋದಾಗ ಬಿಡಿಭಾಗದ ಅಂಗಡಿಯಲ್ಲಿ ಎರಡು ತಂತಿಯದನ್ನು ಕೇಳಿ ತಂದೆ. ಚಾಲಕರ ಬಾಗಿಲಿನದು ಐದು ತಂತಿಯದು, ಉಳಿದ ಮೂರರದು ಎರಡು ತಂತಿಯದು. ಇದನ್ನು ನೆನಪಿಡಿ, ಅಂಗಡಿಯವರು ಮೊದಲು ಕೇಳುವುದೇ ಅದನ್ನು.

'ಬಾಗಿಲು ಬಿಚ್ಚಿ ಅದರ ಮ್ಯಾಲ ಹಪ್ಪಳ ಒಣಹಾಕ್ತಿಯೇನು?' ಅಂದರು ನಮ್ಮ ಯಜಮಾನರು. ನಕ್ಕು ಸುಮ್ಮನಾದೆ.

ಮೊದಲು ಗಾಜನ್ನು ಪೂರ್ತಿ ಮೇಲೇರಿಸಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಡಿಸಿಡಿ. ಒಳಹಿಡಿಕೆಯ ಹಿಂದೊಂದು, ಕೈಯಾನಿಸುವಲ್ಲೊಂದೆರಡು ಸ್ಕ್ರೂ ಇರುತ್ತವೆ. ಅವನ್ನು ಬಿಚ್ಚಿದ ಕ್ರಮದಲ್ಲೇ ತಟ್ಟೆಯಲ್ಲಿ ಜೋಡಿಸಿಡಿ. ನಮ್ಮದು ಕೈಯಿಂದ ಗಾಜು ತಿರುವುವ ಕಾರು. ಆ ಹಿಡಿಕೆಗೆ ಸ್ಕ್ರೂವೇ ಇಲ್ಲ! ಅದರ ಹಿಂದೆ ಒಂದು ತಂತಿಯ ಕ್ಲಿಪ್ಪು ಅಡಗಿರುತ್ತದೆ. ಹಳೆಯ ಸೀರೆಯ ಅಂಚನ್ನು ಹರಿದು ಹಿಡಿಕೆಯ ಹಿಂದೆ ಸೇರಿಸಿ ಅತ್ತಿತ್ತ ಉಜ್ಜಿ ಎಳೆದರೆ ಕ್ಲಿಪ್ಪು ಹಾರಿ ಬರುತ್ತದೆ. ಮೇಲೊಂದು ಕೈ ಅಡ್ಡ ಹಿಡಿಯಿರಿ, ಇಲ್ಲವಾದರೆ ಅಂಗಳವೆಲ್ಲ ಹುಡುಕಬೇಕಾದೀತು. ಆಮೇಲೆ ಹಲಗೆಯನ್ನು ಕೆಳಗಿನಿಂದ ಮೆಲ್ಲಗೆ ಎಳೆದರೆ ಪ್ಲಾಸ್ಟಿಕ್ ಮೊಳೆಗಳು ಪಟಪಟ ಬಿಡುತ್ತವೆ. ಕೊನೆಗೆ ಮೇಲಕ್ಕೆತ್ತಿ ತೆಗೆಯಿರಿ. ಒಳಗಿನ ತಗಡಿನ ಅಂಚು ಈಳಿಗೆಯಂತೆ ಹರಿತ, ಕೈಗೆ ಬಟ್ಟೆ ಸುತ್ತಿಕೊಳ್ಳಿ.

ಹಲಗೆಯ ಹಿಂದೆ ಕಪ್ಪು ಅಂಟಿನಿಂದ ಹಚ್ಚಿದ ಪ್ಲಾಸ್ಟಿಕ್ ಹಾಳೆಯಿದೆ. ಅದನ್ನು ಹರಿಯಬೇಡಿ. ಮಳೆನೀರು ಗಾಜಿನ ಸಂದಿಯಿಂದ ಬಾಗಿಲೊಳಗೆ ಇಳಿದೇ ಇಳಿಯುತ್ತದೆ, ಅದು ಸೀಟಿನತ್ತ ಬಾರದಂತೆ ತಡೆಯುವುದು ಆ ಹಾಳೆಯೇ. ನೀರು ಹೊರಹೋಗುವ ತೂತುಗಳು ಬಾಗಿಲ ತಳದಲ್ಲಿವೆ. ನಮ್ಮ ಎರೆಮಣ್ಣಿನ ಧೂಳು ಅವನ್ನು ಮುಚ್ಚಿಬಿಟ್ಟಿತ್ತು. ಪೊರಕೆ ಕಡ್ಡಿಯಿಂದ ಚುಚ್ಚಿ ಬಿಡಿಸಿದೆ.

ಪೆಟ್ಟಿಗೆಗೆ ಎರಡೇ ಸ್ಕ್ರೂ. ಕಡ್ಡಿಯ ಕೊಕ್ಕೆ ತಪ್ಪಿಸಿ ಹಳೆಯದನ್ನು ತೆಗೆದೆ. ಹೊಸದನ್ನು ಬಿಗಿಯುವ ಮೊದಲೇ ತಂತಿ ಕೂಡಿಸಿ, ಬ್ಯಾಟರಿ ಹಚ್ಚಿ, ಚಾಲಕರ ಗುಂಡಿ ಒತ್ತಿಸಿ ನೋಡಿ. ಉಳಿದವು ಏಳುವಾಗ ಇದು ಇಳಿದರೆ ಗಾಬರಿ ಬೇಡ, ಎರಡು ತಂತಿಗಳನ್ನು ಅದಲುಬದಲು ಮಾಡಿದರಾಯಿತು. ಬಿಗಿಯುವಾಗ ಕಡ್ಡಿ ನೇರವಾಗಿರಲಿ. ಸೊಟ್ಟಗಿದ್ದರೆ ಮೋಟಾರು ಏದುಸಿರು ಬಿಟ್ಟು ಇದೂ ಬೇಗ ಸಾಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಪರೀಕ್ಷೆ ಮುಗಿಯುವವರೆಗೆ ಬಾಗಿಲು ಮುಚ್ಚಲೇಬೇಡಿ. ಬಾಗಿಲಂಚಿನ ಚಿಲಕವನ್ನು ಸ್ಕ್ರೂಡ್ರೈವರಿನಿಂದ ತಿರುವಿ ಮುಚ್ಚಿದ ಸ್ಥಿತಿಗೆ ತಂದು, ಬೀಗ ಹಾಕಿ ತೆಗೆದು, ಹಿಡಿಕೆ ಎಳೆದು ಚಿಲಕ ಬಿಡುತ್ತದೆಯೇ ನೋಡಿ. ಹೊರಗಿನದು, ಒಳಗಿನದು ಎರಡನ್ನೂ ನೋಡಿ. ಮುಚ್ಚಿದ ಬಾಗಿಲು ತೆರೆಯದೇ ಹೋದರೆ ಹಲಗೆ ಬಿಚ್ಚುವುದೇ ದೊಡ್ಡ ಪೇಚಾಟ. ಈಗಾಗಲೇ ಹಾಗೆ ಸಿಕ್ಕಿಬಿದ್ದ ಬಾಗಿಲಾದರೆ ಮೆಕ್ಯಾನಿಕ್ಕನ್ನೇ ಕರೆಯಿರಿ. ಹೊಸ ಕಾರುಗಳಲ್ಲಿ ಎಷ್ಟೋ ಸಲ ಈ ಮೋಟಾರು ಚಿಲಕದೊಳಗೇ ಸೇರಿರುತ್ತದೆ, ಕೆಲವಕ್ಕೆ ಬಾಗಿಲಲ್ಲಿ ಏರ್‌ಬ್ಯಾಗಿನ ಸಾಮಾನೂ ಇರುತ್ತದೆ. ಅವುಗಳ ತಂಟೆಗೆ ಹೋಗುವುದು ಬೇಡ.

ನನಗೆ ಹಿಡಿದದ್ದು ಒಂದು ಮಧ್ಯಾಹ್ನ, ಖರ್ಚು ಕೆಲವು ನೂರು ರೂಪಾಯಿ. ಸಂಜೆ ಅತ್ತೆಯನ್ನು ಕೂಡಿಸಿ ಹತ್ತು ಸಲ ಬೀಗ ಹಾಕಿ ತೆಗೆದು ತೋರಿಸಿದೆ. ಹತ್ತನೆಯ ಸಲ 'ಸಾಕು, ಕೆಡಸ್ತಿ ಮತ್ತ' ಅಂದರು. ಆ ಭಾನುವಾರ ಎಲೆಯಡಿಕೆ ಚೀಲ ಹಿಡಿದು ಎಲ್ಲರಿಗಿಂತ ಮೊದಲು ಕಾರಿನ ಹತ್ತಿರ ನಿಂತವರು ಅವರೇ.

ಬಲಗಡೆಯ ಹಿಂಬಾಗಿಲಿನ ಸದ್ದೂ ಈಚೆಗೆ ಯಾಕೋ ಮಂದ ಅನ್ನುತ್ತಿದ್ದಾರೆ ಯಜಮಾನರು. ಗಂಗಾವತಿಯಿಂದ ತರುವಾಗ ಎರಡು ತಂದಿದ್ದೆ. ಇನ್ನೊಂದು ಸಾಸಿವೆ ಡಬ್ಬಿಯ ಪಕ್ಕದಲ್ಲಿದೆ. ಈ ಮಳೆಯೊಂದು ನಿಲ್ಲಲಿ.