ತಾಳದ ಲಿಪ್ಯಂತರ

ಗಡಿನಾಡಿನ ಮನೆಗಳಲ್ಲಿ ಎರಡು ಭಾಷೆಗಳು ಒಂದೇ ಸೂರಿನಡಿ ಬಾಳುವುದು ಹೊಸತಲ್ಲ. ಕೈವಾರದ ನಾರೇಯಣ ತಾತಯ್ಯನವರು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಕೀರ್ತನೆಗಳನ್ನು ರಚಿಸಿದವರು. ಚಿಂತಾಮಣಿ, ಶಿಡ್ಲಘಟ್ಟ, ಗೌರೀಬಿದನೂರು, ಚಿಕ್ಕಬಳ್ಳಾಪುರಗಳ ಸೀಮೆಯಲ್ಲಿ ತೆಲುಗು ಹಾಡನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಂಡು ಹಾಡುವವರು ಬಹುಮಂದಿ ಉಂಟು. ಲಿಪಿಯು ಬೇರೆಯಾದ ಮಾತ್ರಕ್ಕೆ ನಾದಕ್ಕೆ ಕುಂದು ಬಾರದೆಂದು ಅವರ ನಂಬಿಕೆ. ಆ ನಂಬಿಕೆಯನ್ನು ಚಿಂತಾಮಣಿಯ ಸಮೀಪದ ಒಂದು ಭಜನಮಂಡಳಿಯವರು ಈಚೆಗೆ ವಿಚಿತ್ರವಾದೊಂದು ಸಂದರ್ಭದಲ್ಲಿ ಪರೀಕ್ಷಿಸಬೇಕಾಗಿ ಬಂದಿತು.

ಆ ಮಂಡಳಿಯಲ್ಲಿ ವೃದ್ಧರೊಬ್ಬರು ಮೃದಂಗ ನುಡಿಸುತ್ತಿದ್ದರು. ಮುಪ್ಪಿನಿಂದ ಮಣಿಕಟ್ಟು ಸೋಲತೊಡಗಿದಾಗ, ಕೀಬೋರ್ಡು ನುಡಿಸುವ ತರುಣನು ಅವರನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ಅವರ ಮಿಶ್ರಛಾಪಿನ ನಡೆಯನ್ನು ಅವರ ಬೆರಳುಗಳಿಂದಲೇ ಯಂತ್ರದ ಮೆಟ್ಟುಗಳ ಮೇಲೆ ನುಡಿಸಿ ಸಂಗ್ರಹಿಸಿದನು. ಮರುವರ್ಷ ವೃದ್ಧರು ತೀರಿಕೊಂಡರು. ಅನಂತರ ಹಲವು ವರ್ಷ ಶನಿವಾರದ ಭಜನೆಯು ಅವರ ಹೆಜ್ಜೆಯಲ್ಲಿಯೇ ನಡೆಯಿತು. ಕಳೆದ ಮಳೆಗಾಲದಲ್ಲಿ ಆ ವಾದ್ಯದ ಮೆಟ್ಟುಗಳು ಕೆಟ್ಟುವು, ಬಿಡಿಭಾಗಗಳು ದೊರೆಯಲಿಲ್ಲ. ಮಂಡಳಿಯವರು ಚಂದಾ ಕೂಡಿಸಿ ಬೇರೊಂದು ಕಂಪೆನಿಯ ವಾದ್ಯವನ್ನು ತಂದರು. ಹಳೆಯ ತಾಳದ ಫೈಲನ್ನು ಹೊಸತಕ್ಕೆ ಹಾಕಿದರಾಯಿತೆಂದು ತರುಣನು ಭಾವಿಸಿದ್ದನು.

ಕಾರ್ಯವು ಅಷ್ಟು ಸುಲಭವಾಗಿರಲಿಲ್ಲ. ೧೯೮೩ರಲ್ಲಿ ಬಳಕೆಗೆ ಬಂದ ಮಿಡಿ ಎಂಬ ಒಡಂಬಡಿಕೆಯಿಂದ ಬೇರೆ ಬೇರೆ ಕಂಪೆನಿಗಳ ವಾದ್ಯಗಳು ಪರಸ್ಪರ ಸಂಭಾಷಿಸಬಲ್ಲವೆಂಬುದು ನಿಜ. ಯಾವ ಮೆಟ್ಟನ್ನು, ಯಾವಾಗ, ಎಷ್ಟು ಬಲದಿಂದ ಒತ್ತಿತೆಂಬುದನ್ನು ಅದು ತಿಳಿಸುತ್ತದೆ. ಆದರೆ ಎಡಗೈ ಹಿಡಿದ ಸ್ವರಮೇಳಕ್ಕೆ ತಕ್ಕಂತೆ ತಾಳವನ್ನೂ ಮಂದ್ರವನ್ನೂ ತಾನೇ ಜೋಡಿಸುವ ಪಕ್ಕವಾದ್ಯದ ಫೈಲುಗಳಲ್ಲಿ ಒಂದೊಂದು ಕಂಪೆನಿಗೂ ಒಂದೊಂದು ಸಂಪ್ರದಾಯವುಂಟು. ಯಮಾಹಾ, ಕೋರ್ಗ್ ಇವೆರಡರ ಫೈಲುಗಳಿಗೂ ‘ಎಸ್‌ಟಿವೈ’ ಎಂಬುದೇ ಉಪನಾಮ. ಆದರೆ ಒಳಗಿನ ಕುಲ ಬೇರೆ. ಯಮಾಹಾದಲ್ಲಿ ಸಾಮಾನ್ಯವಾಗಿ ಒಂದೇ ಮೂಲಮೇಳದಲ್ಲಿ ನುಡಿಯನ್ನು ಬರೆದು, ಉಳಿದ ಮೇಳಗಳಿಗೆ ಅದನ್ನು ಮಾರ್ಪಡಿಸುವ ನಿಯಮಗಳನ್ನು ಜೊತೆಗಿಟ್ಟಿರುತ್ತಾರೆ. ಕೋರ್ಗಿನಲ್ಲಿ ಬೇರೆ ಬೇರೆ ಮೇಳಗಳಿಗೆ ಬೇರೆ ಬೇರೆ ನುಡಿಗಳನ್ನೇ ಬರೆದಿಡಲು ಅವಕಾಶವಿದೆ. ಸಂಸ್ಕೃತ ಕಲಿತವರಿಗೆ ಇದು ಕೂಡಲೇ ಅರ್ಥವಾದೀತು: ಒಂದು ಪಾಣಿನಿಯ ಸೂತ್ರದ ಮಾರ್ಗ, ಇನ್ನೊಂದು ಶಬ್ದರೂಪಾವಳಿಯ ಮಾರ್ಗ. ಸೂತ್ರವನ್ನು ಬಿಟ್ಟು ಒಂದು ರೂಪವನ್ನು ಮಾತ್ರ ಎತ್ತಿಕೊಂಡು ಹೋದರೆ ಉಳಿದ ವಿಭಕ್ತಿಗಳು ತಪ್ಪದೆ ಇರವು.

ಇದಕ್ಕಿಂತಲೂ ದೊಡ್ಡ ತೊಡಕು ಮೃದಂಗದಲ್ಲಿಯೇ ಇದ್ದಿತು. ೧೯೯೧ರಲ್ಲಿ ಗೊತ್ತುಪಡಿಸಿದ ಜನರಲ್ ಮಿಡಿ ಎಂಬ ಪಟ್ಟಿಯಲ್ಲಿ ೩೫ರಿಂದ ೮೧ರವರೆಗಿನ ಸಂಖ್ಯೆಗಳಿಗೆ ೪೭ ತಾಳವಾದ್ಯಧ್ವನಿಗಳನ್ನು ಹಂಚಿದೆ. ಬೊಂಗೊ, ಕೊಂಗಾ, ಸೀಟಿ, ತ್ರಿಕೋನದ ಗಂಟೆ, ಎಲ್ಲಕ್ಕೂ ಅಲ್ಲಿ ಪೀಠವುಂಟು, ಮೃದಂಗಕ್ಕಿಲ್ಲ, ತಬಲಕ್ಕಿಲ್ಲ. ಆದುದರಿಂದ ಒಂದೊಂದು ಕಂಪೆನಿಯೂ ಅವುಗಳನ್ನು ತನಗೆ ತೋರಿದೆಡೆಯಲ್ಲಿ ಕುಳ್ಳಿರಿಸಿಕೊಂಡಿದೆ. ಹೊಸ ವಾದ್ಯದಲ್ಲಿ ಫೈಲು ಮೊದಲು ನುಡಿದಾಗ ಎಡಗೈಯ ಗುಮ್ಮೆಂಬ ನಾದವು ಸೀಟಿಯಾಗಿಯೂ, ಬಲಗೈಯ ಚಾಪು ಗಂಟೆಯಾಗಿಯೂ ಹೊರಟುವು. ಹುಡುಗರು ನಕ್ಕರು. ಹಿಂದೆ ಗೋಡೆಗೊರಗಿ ಕುಳಿತಿದ್ದ ವೃದ್ಧರ ಪತ್ನಿ ನಗಲಿಲ್ಲ.

ತರುಣನ ತಂದೆ ರೇಷ್ಮೆಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯುವವರು. ಅವರ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ತರುಣನು ಎರಡು ಸಾಲು ಗೆರೆ ಎಳೆದು, ಈ ಪೆಟ್ಟಿಗೆ ಹಳೆಯ ಸಂಖ್ಯೆ ಇದು, ಹೊಸ ಸಂಖ್ಯೆ ಇದು ಎಂದು ಒಂದೊಂದನ್ನೂ ಕೇಳಿ ಬರೆದುಕೊಂಡನು. ಮೂರು ರಾತ್ರಿಗಳಲ್ಲಿ ಪೆಟ್ಟುಗಳೆಲ್ಲ ತಮ್ಮ ತಮ್ಮ ಮನೆ ಸೇರಿದುವು. ಫೈಲಿನಲ್ಲಿ ಕೆಲವು ಪೆಟ್ಟುಗಳು ಗೆರೆಗಿಂತ ಕೊಂಚ ತಡವಾಗಿ ಬಿದ್ದಿರುವುದನ್ನು ಕಂಡು, ಮುದುಕರ ಕೈನಡುಕವೆಂದು ಬಗೆದು, ಅವನ್ನೂ ಯಂತ್ರದ ಸಹಾಯದಿಂದ ಗೆರೆಗೆ ಸರಿಯಾಗಿ ಎಳೆದು ನಿಲ್ಲಿಸಿದನು.

ಆ ಶನಿವಾರ ಏಳು ಮಾತ್ರೆಗಳೂ ಗಡಿಯಾರದಂತೆ ಬಿದ್ದುವು. ಹಾಡು ಮುಗಿದ ಮೇಲೆ ಆಕೆ ಅವನನ್ನು ಕರೆದು, “ಮೂರು ಮುಗಿದು ನಾಲ್ಕು ಹಿಡಿಯುವ ಮುಂಚೆ ಅವರು ಒಂದು ಚೂರು ಕಾಯುತ್ತಿದ್ದರಪ್ಪ. ಹಾಡುವವರಿಗೆ ಉಸಿರು ಬೇಡವೆ?” ಎಂದು ಕೇಳಿದರು. ತರುಣನು ಮನೆಗೆ ಹೋಗಿ ಮೂಲದ ಫೈಲನ್ನು ತೆರೆದು ನೋಡಿದನು. ತಡವಾಗಿದ್ದ ಪೆಟ್ಟುಗಳೆಲ್ಲ ಬಹುಮಟ್ಟಿಗೆ ನಾಲ್ಕನೆಯ ಮಾತ್ರೆಯಲ್ಲಿಯೇ ಇದ್ದುವು. ತಿದ್ದಿದುದನ್ನೆಲ್ಲ ಅಳಿಸಿ, ಅವರು ಬಿಟ್ಟುಹೋದ ಅಂತರಗಳನ್ನು ಹಾಗೆಯೇ ತಂದಿರಿಸಿದನು.

ಹಿಂದೆ ಗಮಕಕ್ಕೆ ಬಾಗದ ವಾದ್ಯವೆಂದು ಹಾರ್ಮೋನಿಯಮ್ಮನ್ನು ೧೯೪೦ರಿಂದ ಸುಮಾರು ಮೂರು ದಶಕಗಳ ಕಾಲ ರೇಡಿಯೋದಿಂದ ಹೊರಗಿಟ್ಟಿದ್ದರು. ಭಜನೆಯ ಮನೆಗಳು ಮಾತ್ರ ಅದನ್ನು ಕೈಬಿಡಲಿಲ್ಲ. ಈ ಮಂಡಳಿಯವರೂ ಕೀಬೋರ್ಡನ್ನು ಬಿಡುವವರಲ್ಲ. ಆದರೂ ಒಂದು ಕೊರತೆ ಎಲ್ಲರಿಗೂ ತಿಳಿದಿದೆ. ವೃದ್ಧರು ಹಾಡುವವರ ಉಸಿರನ್ನು ನೋಡಿ ಕಾಯುತ್ತಿದ್ದರು. ಯಂತ್ರವು ಯಾರು ಹಾಡಿದರೂ ಅಂದು ಕಾದಷ್ಟೇ ಕಾಯುತ್ತದೆ. ಈಗ ಹಾಡುವವರೇ ಆ ಅಳತೆಗೆ ಉಸಿರು ಕಟ್ಟುವುದನ್ನು ಕಲಿತಿದ್ದಾರೆ.

ಹೋದ ತಿಂಗಳು ಆಕೆ ಗೋಡೆಯ ಮೇಲಿದ್ದ ಮೃದಂಗವನ್ನು ಇಳಿಸಿ, ಹೊಸ ಚರ್ಮ ಕಟ್ಟಿಸಿ, ಅಂದು ನಕ್ಕ ಹುಡುಗರಲ್ಲಿ ಒಬ್ಬನಿಗೆ ಕೊಟ್ಟರು. ಅವನಿಗಿನ್ನೂ ಮೂರು ಮತ್ತು ನಾಲ್ಕನ್ನು ಕೂಡಿಸುವುದೇ ಕಷ್ಟವಾಗಿದೆ. ಶನಿವಾರ ಅವನು ಕೀಬೋರ್ಡಿನ ಪಕ್ಕದಲ್ಲಿ ಕುಳಿತು, ಕೈಯನ್ನು ತೊಡೆಯ ಮೇಲೆ ಹಾಕಿಕೊಂಡು, ಆ ನಾಲ್ಕನೆಯ ಪೆಟ್ಟು ಬರುವುದನ್ನು ಕಾಯುತ್ತಿರುತ್ತಾನೆ.